ಕಡ್ಡಾಯ ಕಾಲಮ್ಮಿನ ಮುಂದೆ ಶಿವಲೀಲಾ

ಈಚೆಗೆ ಹದಿನೈದು ನಿಮಿಷ ನನಗೆ ಸಕ್ಕರೆ ಕಾಯಿಲೆ ಇತ್ತು.

ಹದಿನಾರನೇ ನಿಮಿಷಕ್ಕೆ ವಾಸಿಯಾಯಿತು. ಮಾತ್ರೆಯಿಲ್ಲ, ಪಥ್ಯವಿಲ್ಲ, ಹಾಗಲಕಾಯಿ ರಸವಿಲ್ಲ. ಯಾವ ಡಾಕ್ಟರು ಅಂತ ಕೇಳುತ್ತೀರಾ? ಡಾಕ್ಟರಲ್ಲ. ಲ್ಯಾಬಿನ ಕೌಂಟರಿನಲ್ಲಿ ಕೂರುವ ಹೆಣ್ಣುಮಗಳು. ಪಿಯುಸಿ ಫೇಲ್.

ಆದದ್ದಿಷ್ಟು. ಹೆಂಡತಿಯ ಕಾಟ ತಾಳಲಾರದೆ ಒಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೊಸಪೇಟೆಯ ಒಂದು ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬಂದೆ. ಮಧ್ಯಾಹ್ನ ರಿಪೋರ್ಟಿಗೆ ಹೋದಾಗ ಕೌಂಟರಿನಲ್ಲಿದ್ದ ಯಾರೋ ಕವರ್ ಕೈಗಿಟ್ಟರು. ಬಿಚ್ಚಿದೆ. ಶುಗರ್ ಮುನ್ನೂರ ಎಂಬತ್ತು! ಅಲ್ಲೇ ಬೆಂಚಿನ ಮೇಲೆ ಕೂತೆ. ಡಿಗ್ರಿ ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು ನಾನು. ಆ ಹೊತ್ತಿನಲ್ಲಿ ನನಗೆ ನೆನಪಾದದ್ದು ಯಾವ ಪದ್ಯವೂ ಅಲ್ಲ, ಶೇಂಗಾ ಹೋಳಿಗೆ. ಇನ್ನು ಬದುಕಿರುವವರೆಗೂ ಶೇಂಗಾ ಹೋಳಿಗೆ ಇಲ್ಲ ಅನ್ನುವುದು. (ನಗಬೇಡಿ. ನೀವು ಕವರ್ ಬಿಚ್ಚುವ ದಿನ ನಿಮಗೇನು ನೆನಪಾಗುತ್ತೋ ನೋಡೋಣ.)

ಅಷ್ಟರಲ್ಲಿ ಊಟ ಮುಗಿಸಿ ಬಂದ ಕೌಂಟರಿನ ಹೆಣ್ಣುಮಗಳು ನನ್ನ ಮುಖ ನೋಡಿದಳು. ಕೈಯಲ್ಲಿದ್ದ ಕವರ್ ನೋಡಿದಳು. ಓಡಿ ಬಂದಳು.

"ಸರ, ಆ ಕವರ್ ಇಲ್ಲಿ ಕೊಡ್ರಿ. ಅದು ನಿಮ್ದಲ್ಲ."

"ಪಂಪಾಪತಿ ಅಂತ ಐತಲ್ಲವಾ. ನಾನೇ ಪಂಪಾಪತಿ."

"ಇವತ್ತು ಇಬ್ರು ಪಂಪಾಪತಿ ಬಂದಿದ್ರು ಸರ. ಇನ್ನೊಬ್ರು ಸಂಡೂರಿನೋರು. ನಿಮ್ಮ ಹುಟ್ಟಿದ ತಾರೀಖು ಜೂನ್ ಒಂದಲ್ರಿ?"

"ಹೌದು."

"ಅವರ್ದೂ ಜೂನ್ ಒಂದ್ರಿ. ವರ್ಷನೂ ಅದ. ಗಾಬ್ರಿ ಆಗಬ್ಯಾಡ್ರಿ, ಟ್ಯೂಬಿನ ನಂಬರ್ ನೋಡೀನಿ, ನಿಮ್ದು ತೊಂಬತ್ತೆರಡೈತಿ. ಅವರಿಗೆ ಆಗ್ಲೇ ಫೋನ್ ಮಾಡಿ ಡಾಕ್ಟರ್ ಹತ್ರ ಕಳಿಸೀನಿ. ಕುಂದ್ರಿ, ಬ್ಯಾರೆ ಪ್ರಿಂಟ್ ತಗೀತೀನಿ."

ನಲವತ್ತು ದಾಟಿದ ಓದುಗರಿಗೆ ಜೂನ್ ಒಂದರ ಮಹಿಮೆ ಗೊತ್ತು. ಚಿಕ್ಕವರಿಗೆ ಹೇಳಿಬಿಡುತ್ತೇನೆ. ಆಗೆಲ್ಲ ಮಗನನ್ನು ಸ್ಕೂಲಿಗೆ ಸೇರಿಸಲು ಬಂದ ಅಪ್ಪನಿಗೆ ಹುಟ್ಟಿದ ತಾರೀಖು ಗೊತ್ತಿರುತ್ತಿರಲಿಲ್ಲ. ಹೆಡ್‌ಮಾಸ್ತರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ವಯಸ್ಸಾಗಿದೆ. ಬರೆದುಕೋ, ಜೂನ್ ಒಂದು! ನಮ್ಮವ್ವನನ್ನು ಕೇಳಿದರೆ "ನೀ ಹುಟ್ಟಿದಾಗ ಭತ್ತ ಕೊಯ್ಯೋದು ನಡೆದಿತ್ತು" ಅನ್ನುತ್ತಿದ್ದಳು. ಆದರೆ ಸರ್ಕಾರದ ಪ್ರಕಾರ ನಾನೂ ನನ್ನ ಕ್ಲಾಸಿನ ಮುಕ್ಕಾಲು ಮಂದಿಯೂ ಹುಟ್ಟಿದ್ದು ಒಂದೇ ದಿನ.

ಹೆಸರಂತೂ ಕೇಳಲೇಬೇಡಿ. ಪಂಪಾಪತಿ, ವಿರೂಪಾಕ್ಷಿ, ಹುಲಿಗೆಪ್ಪ, ಹುಲಿಗೆಮ್ಮ. ನಮ್ಮ ಕಡೆ ದೇವರ ಹೆಸರು ಮಕ್ಕಳಿಗೆ ಇಡುತ್ತಾರೆ, ದೇವರುಗಳೋ ನಾಲ್ಕೈದೇ. ಫಾರಂನಲ್ಲಿ ಅಡ್ಡಹೆಸರು ಕಡ್ಡಾಯ ಅಂದರೆ ಅಲ್ಲಿ ಒಂದು ಚುಕ್ಕಿ ಒತ್ತಿ ಮುಂದೆ ಹೋಗುವುದು ಎಲ್ಲ ಕೌಂಟರುಗಳ ವಾಡಿಕೆ. ಈಗ ಆ ಲ್ಯಾಬಿನ ಸಾಫ್ಟ್‌ವೇರಿಗೆ ಹೆಸರು ಒಂದೇ, ಗಂಡಸು ಅನ್ನುವುದು ಒಂದೇ, ಹುಟ್ಟಿದ ದಿನ ಒಂದೇ, ಅಡ್ಡಹೆಸರು ಎರಡು ಕಡೆಯೂ ಚುಕ್ಕಿ. ಅದು ಏನು ತಿಳಿಯಬೇಕು? ಇಬ್ಬರಲ್ಲ, ಒಬ್ಬನೇ ಆಸಾಮಿ ಎರಡು ಸಲ ಬಂದಿದ್ದಾನೆ ಅಂತ ತಿಳಿದು ಇಬ್ಬರ ರಕ್ತವನ್ನೂ ಒಂದೇ ಫೈಲಿಗೆ ತುಂಬಿತ್ತು. ಸಂಡೂರಿನವರ ಸಕ್ಕರೆ ನನ್ನ ಪ್ರಿಂಟಿಗೆ ಬಂದಿತ್ತು.

"ಕಂಪನಿಯೋರಿಗೆ ಹೇಳಬೇಕಿಲ್ಲೇನವ್ವಾ?" ಅಂದೆ, ಜೀವ ಬಂದ ಮೇಲೆ ಬರುವ ಸಿಟ್ಟಿನಲ್ಲಿ.

ಅವಳು ಡ್ರಾಯರಿನಿಂದ ಒಂದು ನೋಟ್‌ಬುಕ್ ತೆಗೆದು ಮುಂದಿಟ್ಟಳು.

ಅವಳ ಹೆಸರು ಶಿವಲೀಲಾ. ವಯಸ್ಸು ಇಪ್ಪತ್ತೆಂಟು. ಕಂಪ್ಲಿಯವಳು. ಒಂಬತ್ತು ವರ್ಷದಿಂದ ದಿನಾ ಬಸ್ಸಿನಲ್ಲಿ ಹೊಸಪೇಟೆಗೆ ಬಂದು ಈ ಕೌಂಟರಿನಲ್ಲಿ ಕೂರುತ್ತಾಳೆ. ನೋಟ್‌ಬುಕ್ಕಿನ ಪ್ರತಿ ಪುಟದಲ್ಲೂ ಮೂರು ಗೆರೆ ಎಳೆದ ಕಾಲಂ. ನಾನು ಏನು ಒತ್ತಿದೆ. ಏನು ಆಗಬೇಕಿತ್ತು. ಏನು ಆಯ್ತು. ಸಾಫ್ಟ್‌ವೇರ್ ತಪ್ಪಿದಾಗಲೆಲ್ಲ ಹೀಗೆ ಬರೆದಿಟ್ಟಿದ್ದಾಳೆ. ಮೊದಲ ಪುಟದಲ್ಲಿ ಕಮಲಾಪುರದ ಒಬ್ಬ ಹುಲಿಗೆಮ್ಮ ಇದ್ದಾಳೆ. ಮೈಯಲ್ಲಿ ರಕ್ತ ತೀರಾ ಕಡಿಮೆ ಇದ್ದ ಹೆಂಗಸು ಇನ್ನೊಬ್ಬ ಹುಲಿಗೆಮ್ಮನ ರಿಪೋರ್ಟ್ ಹಿಡಿದು, ಎಲ್ಲ ಸರಿಯಿದೆ ಅಂತ ಮನೆಗೆ ಹೋಗಿದ್ದಳು. ಸಂಜೆ ಅನುಮಾನ ಬಂದು ಶಿವಲೀಲಾ ಫೋನ್ ಮಾಡಿ ವಾಪಸ್ ಕರೆಸಿದ್ದಳು. ಅವತ್ತಿನಿಂದ ಈ ನೋಟ್‌ಬುಕ್ ಶುರುವಾಗಿದೆ.

"ಕಂಪನಿಗೆ ಬರದ್ರ 'ಯೂಸರ್ ಎರರ್' ಅಂದ್ರು ಸರ. ಅಂದ್ರ ತಪ್ಪು ನಂದು ಅಂತ. ಭಾಳ ಸಿಟ್ಟು ಬಂತು. ಇಬ್ರು ಸುಳ್ಳು ಹುಲಿಗೆಮ್ಮಂದಿರನ್ನ ಎಂಟ್ರಿ ಮಾಡಿ, ಹೆಂಗ ಕೂಡ್ಕೊಂತಾರ ಅಂತ ವಿಡಿಯೋ ಮಾಡಿ ಕಳಿಸ್ದೆ."

ವಿಡಿಯೋ ಹೋದ ಮೇಲೆ, ಮೊನ್ನೆ ಮೊನ್ನೆ, ಬೆಂಗಳೂರಿನಿಂದ ಆ ಚಿಕ್ಕ ಕಂಪನಿಯ ಟೀಮ್ ಲೀಡ್ ಫೋನ್ ಮಾಡಿದ್ದ. ಸಾರಿ ಕೇಳಿದ. ಸರಿಪಡಿಸುತ್ತೇವೆ, ಸ್ವಲ್ಪ ಟೈಮ್ ಹಿಡಿಯುತ್ತೆ ಅಂದ. ಆಮೇಲೆ ಕೇಳಿದನಂತೆ: "ಮೇಡಮ್, ನೀವು ಟೆಸ್ಟರ್ ಕೆಲಸಕ್ಕೆ ಯಾಕೆ ಅಪ್ಲೈ ಮಾಡಬಾರದು?"

ಟೆಸ್ಟರ್ ಅಂದರೇನು? ನನಗೆ ಕುತೂಹಲ ತಡೆಯಲಾಗಲಿಲ್ಲ. ಮರುದಿನವೂ ಲ್ಯಾಬಿಗೆ ಹೋದೆ. ಅದರ ಮರುದಿನವೂ ಹೋದೆ. ಮೈಯಲ್ಲಿ ರೋಗವಿಲ್ಲದೆ ಲ್ಯಾಬಿಗೆ ಬರುವವನು ಹೊಸಪೇಟೆಯಲ್ಲಿ ನಾನೊಬ್ಬನೇ ಇರಬೇಕು. ತಿಳಿದದ್ದು ಇಷ್ಟು. ಒಬ್ಬರು ಸಾಫ್ಟ್‌ವೇರ್ ಬರೆಯುತ್ತಾರೆ. ಇನ್ನೊಬ್ಬರು ಅದರಲ್ಲಿ ಏನೇನು ಎಡವಟ್ಟಾಗುತ್ತೆ ಅಂತ ಹುಡುಕುತ್ತಾರೆ. ಹುಡುಕುವುದಕ್ಕೇ ಸಂಬಳ. ತಪ್ಪು ಹುಡುಕಲು ಸಂಬಳ! ನಮ್ಮ ಮನೆಯಲ್ಲಿ ಈ ಕೆಲಸ ಮೂವತ್ತು ವರ್ಷದಿಂದ ಪುಕ್ಕಟೆ ನಡೆಯುತ್ತಿದೆ. (ಈ ಸಾಲು ಓದಿ ಹೆಂಡತಿ ಅಂದದ್ದು: "ಹುಡುಕಿದ್ದೇ ಬಂತು. ಒಂದೂ ರಿಪೇರಿ ಆಗಿಲ್ಲ.")

"ಇದನ್ನೆಲ್ಲ ಎಲ್ಲಿ ಕಲಿತಿ?" ಅಂದೆ ಒಂದು ದಿನ.

"ಕಂಪ್ಲಿ ಬಸ್ಸಿನ್ಯಾಗ್ರಿ. ಹೋಗ್ತಾ ಒಂದು ವಿಡಿಯೋ, ಬರ್ತಾ ಒಂದು ವಿಡಿಯೋ. ಇಂಗ್ಲಿಷಿನ್ಯಾಗ ತಿಳೀಲಿಲ್ಲ ಅಂದ್ರ ತೆಲುಗಿನ್ಯಾಗ ನೋಡ್ತೀನಿ. ಕಲಿತಿದ್ದನ್ನ ಫೋನಿನ್ಯಾಗಿನ ಆಪ್‌ಗಳ ಮ್ಯಾಲೆ ಟ್ರೈ ಮಾಡ್ತೀನಿ. ಗ್ಯಾಸ್ ಬುಕ್ ಮಾಡೋ ಆಪ್‌ನ್ಯಾಗ ಆರು ತಪ್ಪು ಸಿಕ್ಕಾವ್ರಿ."

ನೋಟ್‌ಬುಕ್ ಶುರುವಾದಾಗಿನಿಂದ ಎರಡು ವರ್ಷ ಹೀಗೆ ಕಲಿತಿದ್ದಾಳೆ. ಯಾರೂ ಹಾಜರಿ ಕರೆದಿಲ್ಲ. ಯಾರೂ ಇಂಟರ್ನಲ್ ಮಾರ್ಕ್ಸ್ ಕೊಟ್ಟಿಲ್ಲ. ಇಂಟರ್ನಲ್ ಮಾರ್ಕ್ಸ್ ಇಲ್ಲದಿದ್ದರೆ ನೋಟ್ಸನ್ನೂ ಬರೆದುಕೊಳ್ಳದ ಮಕ್ಕಳನ್ನು ಮೂವತ್ತು ವರ್ಷ ಕಂಡ ನನಗೆ ಇದು ನಂಬಲು ಕಷ್ಟವಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಇಂಥ ಒಬ್ಬಳು ನನ್ನ ಕ್ಲಾಸಿಗೆ ಯಾಕೆ ಬರಲಿಲ್ಲ?

ಬರುವ ಹಾಗಿರಲಿಲ್ಲ. ಪಿಯುಸಿ ಇಂಗ್ಲಿಷಿನಲ್ಲಿ ಮೂರು ಮಾರ್ಕ್ಸಿಗೆ ಫೇಲ್. ಸಪ್ಲಿಮೆಂಟರಿ ಪರೀಕ್ಷೆಯ ದಿನವೇ ಅಕ್ಕನ ಮದುವೆ. "ಅಕ್ಷತೆ ಹಾಕೋದು ಬಿಟ್ಟು ಪರೀಕ್ಷೆಗೆ ಹೋಕ್ಕೀಯೇನ?" ಅಂದರಂತೆ ಮನೆಯಲ್ಲಿ. ಮುಂದಿನ ವರ್ಷ ಲ್ಯಾಬಿನ ಕೆಲಸ ಸಿಕ್ಕಿತು. ಪರೀಕ್ಷೆ ಅಲ್ಲೇ ಉಳಿಯಿತು.

ಈಗ ಕಂಪನಿಯ ಅರ್ಜಿಯ ವಿಷಯ. ಆನ್‌ಲೈನ್ ಫಾರಂ. ನನ್ನ ಎದುರೇ ಕೌಂಟರಿನಲ್ಲಿ ಕೂತು ತುಂಬಿದಳು. ಹೆಸರು, ಫೋನ್, ಅನುಭವ ಎಲ್ಲ ಆಯಿತು. ಆಮೇಲೆ ಕೆಂಪು ಗುರುತು ಹಾಕಿದ ಒಂದು ಕಾಲಂ: ಡಿಗ್ರಿ. ಕಡ್ಡಾಯ. ಬಿ.ಇ., ಬಿಸಿಎ, ಎಂಸಿಎ, ಬಿ.ಎಸ್ಸಿ., ಬಿ.ಕಾಂ., ಬಿ.ಎ. ಇವುಗಳಲ್ಲಿ ಒಂದನ್ನು ಆರಿಸಬೇಕು. ಇಲ್ಲದಿದ್ದರೆ ಮುಂದಿನ ಪುಟ ತೆರೆಯುವುದಿಲ್ಲ. ಚುಕ್ಕಿ ಒತ್ತೋಣ ಅಂದರೆ ಟೈಪ್ ಮಾಡುವ ಜಾಗವೇ ಅಲ್ಲ.

ಶಿವಲೀಲಾ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದಳು.

ಇಲ್ಲಿ ನಾನೊಂದು ಕೆಲಸ ಮಾಡಿದೆ. ಹೇಳಲು ನಾಚಿಕೆಯಾಗುತ್ತೆ, ಆದರೂ ಹೇಳುತ್ತೇನೆ. "ಬಿ.ಎ. ಅಂತ ಒತ್ತಿಬಿಡವ್ವಾ. ಯಾರು ನೋಡ್ತಾರ? ಆಮ್ಯಾಲೆ ಟೀಮ್ ಲೀಡ್‌ಗೆ ಹೇಳಿದ್ರಾತು" ಅಂದೆ. ಪರೀಕ್ಷೆಯಲ್ಲಿ ಚೀಟಿ ಹಿಡಿದು ಮಕ್ಕಳನ್ನು ಹೊರಗೆ ಕಳಿಸಿದ ಮಹಾನುಭಾವ ಹೇಳಿದ ಮಾತಿದು.

ಅವಳು ನನ್ನ ಕಡೆ ತಿರುಗಿದಳು. "ಸರ, ತಪ್ಪು ಹುಡುಕೋ ಕೆಲ್ಸಕ್ಕ ತಪ್ಪು ಬರದು ಸೇರ್ಲೇನ್ರಿ?"

 ಅವಳು ನೋಟ್‌ಬುಕ್ ತೆಗೆದಳು. ಹೊಸ ಪುಟ. ಮೂರು ಗೆರೆ. ಬರೆದದ್ದನ್ನು ತನ್ನದೇ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಂಪನಿಗೆ ಕಳಿಸಿದಳು. ಕನ್ನಡದಲ್ಲಿ ಅದರ ಸಾರ ಹೀಗೆ.

"ಮಾಡಿದ್ದು: ಉದ್ಯೋಗದ ಫಾರಂನಲ್ಲಿ ನಿಜ ಬರೆಯಲು ಪ್ರಯತ್ನಿಸಿದೆ. ಆಗಬೇಕಾದ್ದು: ಮುಂದಿನ ಪುಟ ತೆರೆಯಬೇಕು. ಆದದ್ದು: ತೆರೆಯಲಿಲ್ಲ. ಸುಳ್ಳು ಆರಿಸಿದರೆ ತೆರೆಯುತ್ತದೆ. ಆರಿಸಿ ನೋಡಿದ್ದೇನೆ, ಸಬ್ಮಿಟ್ ಮಾಡಿಲ್ಲ."

ಮೂವತ್ತು ವರ್ಷದಲ್ಲಿ ನಾನು ತಿದ್ದಿದ ಯಾವ ಪ್ರಬಂಧದಲ್ಲೂ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ದೊಡ್ಡ ವಿಷಯ ಓದಿದ ನೆನಪಿಲ್ಲ.

ಎರಡು ದಿನಕ್ಕೆ ಉತ್ತರ ಬಂತು. ಟೀಮ್ ಲೀಡ್‌ನಿಂದ ಅಲ್ಲ, ಎಚ್.ಆರ್. ವಿಭಾಗದಿಂದ. ಇದು ತಪ್ಪಲ್ಲ, ಫಾರಂ ಅನ್ನು ಬೇಕೆಂದೇ ಹೀಗೆ ಮಾಡಿದ್ದೇವೆ, ಧನ್ಯವಾದ.

"ಬೇಕಂತ ಮಾಡಿದ್ದು ನಂಗೂ ಗೊತ್ರಿ. ಯಾಕ ಮಾಡೀರಿ ಅಂತ ಕೇಳೀನಿ" ಅಂದಳು. ಅದನ್ನೇ ಬರೆದು ಕಳಿಸಿದಳು.

ಆಮೇಲೆ ಒಂದು ವಾರ ಏನೂ ಇಲ್ಲ. ಹತ್ತು ದಿನ ಏನೂ ಇಲ್ಲ. ಶಿವಲೀಲಾ ಕೌಂಟರಿನಲ್ಲಿ ಮೊದಲಿನ ಹಾಗೇ ಹೆಸರು ಕೇಳುತ್ತಿದ್ದಳು, ಕವರ್ ಕೊಡುತ್ತಿದ್ದಳು. ಆದರೆ ಬಸ್ಸಿನಲ್ಲಿ ವಿಡಿಯೋ ನೋಡುವುದು ಬಿಟ್ಟಿದ್ದಳು. "ಯಾಕವ್ವಾ?" ಅಂದೆ.

"ಸರ, ಹದಿನೆಂಟು ವರ್ಷ ಇದ್ದಾಗ ಒಮ್ಮೆ ಫೇಲ್ ಆಗೀನಿ. ಮೂರು ಮಾರ್ಕ್ಸು. ಸಾಯೋತನಕ ಎಲ್ಲಾ ಕಾಲಮ್ಮಿನ್ಯಾಗೂ ಅದನ್ನ ಬರೀಬೇಕೇನ್ರಿ?"

 ನಿಜ ಹೇಳಬೇಕೆಂದರೆ ಸಂಕಟವಾಯಿತು. ಎಷ್ಟು ಮಕ್ಕಳ ಹೆಸರಿನ ಮುಂದೆ ನಾನೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ! ಗೆರೆ ಎಳೆದು ಟೀ ಕುಡಿಯಲು ಎದ್ದಿದ್ದೇನೆ. ಆ ಗೆರೆ ಅವರ ಜೊತೆ ಎಲ್ಲಿಯವರೆಗೆ ಹೋಯಿತು ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

ಹನ್ನೊಂದನೇ ದಿನ ಟೀಮ್ ಲೀಡ್ ಫೋನ್ ಮಾಡಿದ. ಅವಳ ಪತ್ರ ಎಚ್.ಆರ್.ನವರ ಕೈಯಿಂದ ಅವನ ಕೈಗೆ ಬಂದು, ಒಳಗೊಳಗೇ ಜಗಳವಾಗಿ, ಕೊನೆಗೆ ಫಾರಂಗೆ ಒಂದು ಸಾಲು ಸೇರಿತ್ತು: "ಇತರೆ". ಶಿವಲೀಲಾ ಅದನ್ನು ಆರಿಸಿದಳು. ಮುಂದಿನ ಪುಟ ತೆರೆಯಿತು. ಭಾನುವಾರ ಇಂಟರ್‌ವ್ಯೂ.

ಕಂಪ್ಲಿಯ ಅವಳ ಮನೆಯಲ್ಲಿ ನೆಟ್‌ವರ್ಕ್ ಸರಿಯಿಲ್ಲ. ಹಾಗಾಗಿ ನಮ್ಮ ಮನೆಗೇ ಬಂದಳು. ಊಟದ ಟೇಬಲ್ ಮೇಲೆ ನನ್ನ ಲ್ಯಾಪ್‌ಟಾಪ್. ನನಗೂ ಹೆಂಡತಿಗೂ ಅಡಿಗೆಮನೆ ದಾಟಬಾರದು ಅಂತ ಅಪ್ಪಣೆಯಾಗಿತ್ತು. ನಾವು ಬಾಗಿಲ ಸಂದಿಯಲ್ಲಿ ನಿಂತೆವು. (ಕುಕ್ಕರ್ ಸೀಟಿ ಹೊಡೆಯಬಾರದು ಅಂತ ಅವತ್ತು ನಮಗೆ ಉಪ್ಪಿಟ್ಟು.)

ಪರದೆಯ ಮೇಲೆ ಇಬ್ಬರು. ಒಬ್ಬ ಟೀಮ್ ಲೀಡ್, ಇನ್ನೊಬ್ಬರು ವಯಸ್ಸಾದ ಹೆಣ್ಣುಮಗಳು, ಮುಖದಲ್ಲಿ ನಗೆಯಿಲ್ಲ. ಡಿಗ್ರಿ ಕೇಳಲಿಲ್ಲ. ತಾವು ಮಾಡುತ್ತಿರುವ ಒಂದು ಹೊಸ ಆಪ್ ಕೊಟ್ಟರು. ಗೆಸ್ಟ್ ಹೌಸಿನ ರೂಮು ಬುಕ್ ಮಾಡುವ ಆಪ್. ಒಂದು ಗಂಟೆ ಟೈಮು, ತಪ್ಪು ಹುಡುಕಿ ಅಂದರು.

ಹಂಪಿ ಪಕ್ಕದಲ್ಲಿ ಇದ್ದವಳಿಗೆ ಗೆಸ್ಟ್ ಹೌಸ್ ಅಂದರೆ ಹೊಸದೇ? ರೂಮು ಬಿಡುವ ದಿನವನ್ನು ರೂಮಿಗೆ ಬರುವ ದಿನಕ್ಕಿಂತ ಮೊದಲು ಹಾಕಿದಳು. ಆಪ್ ತಲೆಯಾಡಿಸಿ ಒಪ್ಪಿಕೊಂಡಿತು. ಅಡ್ಡಹೆಸರೇ ಇಲ್ಲದ ಒಬ್ಬ ವಿದೇಶಿಯನ್ನು ಕರೆತಂದಳು. ಆಪ್ ಅಡ್ಡಹೆಸರು ಕೇಳಿ ಬಾಗಿಲಲ್ಲೇ ನಿಲ್ಲಿಸಿತು. ಬರೆಯುತ್ತಾ ಹೋದಳು. ಆ ಹೆಣ್ಣುಮಗಳು ಮಾತ್ರ "ಓಕೆ, ಇವು ನಮಗೆ ಗೊತ್ತು" ಅನ್ನುತ್ತಿದ್ದರು. ಪ್ರತಿ ಸಲ "ಗೊತ್ತು" ಅಂದಾಗಲೂ ನನ್ನ ಹೆಂಡತಿ ಸೆರಗಿನ ತುದಿ ಹಿಂಡುತ್ತಿದ್ದಳು.

ಇನ್ನು ಹತ್ತು ನಿಮಿಷ ಉಳಿದಿತ್ತು. ಶಿವಲೀಲಾ ಪರದೆಯ ಕಡೆ ನೋಡಿ "ಮನೆಯವರ ಫೋನ್ ಯೂಸ್ ಮಾಡಬಹುದಾ ಮೇಡಮ್?" ಅಂದಳು. ಆಗಲಿ ಅಂದರು. ಅವಳು ಅಡಿಗೆಮನೆಯ ಕಡೆ ತಿರುಗಿದಳು.

"ಸರ, ಅಮ್ಮಾ, ಫೋನ್ ತಗೊಂಡು ಬರ್ರಿ ಇಲ್ಲಿ."

ನಮ್ಮಿಬ್ಬರ ಫೋನಿನಲ್ಲೂ ಆಪ್ ಹಾಕಿದಳು. ಗೆಸ್ಟ್ ಹೌಸಿನಲ್ಲಿ ಒಂದೇ ರೂಮು ಖಾಲಿ ಉಳಿಸಿದಳು. ಮೂರನೇ ನಂಬರ್. "ನಾ ಹ್ಞೂಂ ಅಂದಕೂಡ್ಲೆ ಇಬ್ರೂ ಬುಕ್ ಒತ್ರಿ. ಒಬ್ರ ಮುಖ ಒಬ್ರು ನೋಡಬ್ಯಾಡ್ರಿ."

ಮದುವೆಯಾದಾಗಿನಿಂದ ನಾವಿಬ್ಬರೂ ಒಂದೇ ಹೊತ್ತಿಗೆ ಒಂದೇ ಕೆಲಸ ಮಾಡಿದ್ದು ಅದೇ ಮೊದಲು.

"ಹ್ಞೂಂ!"

ಒತ್ತಿದೆವು. ನನ್ನ ಫೋನಿನಲ್ಲಿ ಹಸಿರು ಗುರುತು ಬಂತು. ರೂಮ್ ನಂಬರ್ ಮೂರು ನಿಮ್ಮದು, ಸ್ವಾಗತ.

"ನಂಗೂ ಬಂತು!" ಅಂತ ಹೆಂಡತಿ ಕೂಗಿದಳು. "ನಂಗೂ ಮೂರೇ ಬಂತು!"

ಪರದೆಯ ಮೇಲೆ ಆ ಹೆಣ್ಣುಮಗಳು ಕನ್ನಡಕ ತೆಗೆದರು. "ಇನ್ನೊಂದು ಸಲ ಮಾಡಿ" ಅಂದರು. ಮಾಡಿದೆವು. ಒಂದೇ ರೂಮು ಮತ್ತೆ ಇಬ್ಬರಿಗೂ ಸಿಕ್ಕಿತು. "ಇದು ನಮಗೆ ಗೊತ್ತಿರಲಿಲ್ಲ" ಅಂದರು. "ನಿಮಗೆ ಹೇಗೆ ಹೊಳೀತು?"

ಅದುವರೆಗೆ ಎಚ್ಚರದಿಂದ ಪುಸ್ತಕದ ಕನ್ನಡ, ಇಂಗ್ಲಿಷ್ ಬೆರೆಸಿ ಮಾತಾಡುತ್ತಿದ್ದವಳು ಈಗ ಖುಷಿಗೆ ತನ್ನ ಮಾತಿಗೇ ಬಂದುಬಿಟ್ಟಳು. "ಕಂಪ್ಲಿ ಬಸ್ ಹತ್ತಿ ನೋಡ್ರಿ ಮೇಡಮ್. ಸೀಟು ಒಂದ ಇರ್ತೈತಿ. ಈ ಕಿಟಕಿಯಿಂದ ಒಬ್ರು ಟವೆಲ್ ಒಗೀತಾರ, ಆ ಕಿಟಕಿಯಿಂದ ಒಬ್ರು ಬ್ಯಾಗ್ ಒಗೀತಾರ. ಇಬ್ರೂ ಒಳಗ ಬಂದು ನಂದು ಅಂತಾರ. ಒಂಬತ್ತು ವರ್ಷ ಆ ಜಗಳ ನೋಡೀನ್ರಿ."

ಟೀಮ್ ಲೀಡ್ ಜೋರಾಗಿ ನಕ್ಕ. ನಗೆಯಿಲ್ಲದ ಮುಖವೂ ನಕ್ಕಿತು. ಆಮೇಲೆ ಅವರು ಮೈಕ್ ಬಂದ್ ಮಾಡಿ ತಮ್ಮಲ್ಲೇ ಮಾತಾಡಿಕೊಂಡರು. ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು. ಶಿವಲೀಲಾ ನನ್ನ ಕಡೆ ತಿರುಗಿ "ಬಸ್ಸಿನ ಮಾತು ಆಡಬಾರದಿತ್ತೇನ್ರಿ ಸರ?" ಅಂದಳು.  

ಬುಧವಾರ ಪತ್ರ ಬಂತು. ಆರು ತಿಂಗಳು ಟ್ರೈನಿ ಟೆಸ್ಟರ್. ಕೆಲಸ ತೃಪ್ತಿಯಾದರೆ ಖಾಯಂ. ಬೆಂಗಳೂರಿಗೆ ಹೋಗುವುದು ಬೇಡ, ಮನೆಯಿಂದಲೇ ಮಾಡಬಹುದು. ಕಂಪ್ಲಿಯ ಮನೆಗೆ ಬ್ರಾಡ್‌ಬ್ಯಾಂಡ್ ಬಂದಿದೆ. ಮೊದಲ ಕೆಲಸ ಏನು ಗೊತ್ತೇ? ಲ್ಯಾಬ್ ಸಾಫ್ಟ್‌ವೇರಿನಲ್ಲಿ ಪಂಪಾಪತಿಗಳು ಬೇರೆ ಬೇರೆಯಾದರೇ ಅಂತ ಪರೀಕ್ಷಿಸುವುದು.

(ನನ್ನ ವಿದ್ಯಾರ್ಥಿಗಳೇ, ನೀವು ಇದನ್ನು ಓದಿ ಏನು ಹೇಳುತ್ತೀರಿ ಅಂತ ನನಗೆ ಗೊತ್ತು. "ಹಂಗಾದ್ರ ಡಿಗ್ರಿ ಬ್ಯಾಡಲ್ರಿ ಸರ?" ಕೈ ಇಳಿಸಿ. ಎರಡು ವರ್ಷ ಬಸ್ಸಿನಲ್ಲಿ ನಿಂತುಕೊಂಡು, ಯಾರೂ ಹೇಳದೆ ಕಲಿಯಲು ನೀವು ತಯಾರಿದ್ದರೆ ಆಮೇಲೆ ಮಾತಾಡೋಣ. "ನೂರಕ್ಕೆ ನೂರು ಐಟಿ ಜಾಬ್ ಗ್ಯಾರಂಟಿ" ಅನ್ನುವ ಬೋರ್ಡುಗಳು ನಮ್ಮ ಊರಲ್ಲೂ ಎದ್ದಿವೆ. ಆ ಗ್ಯಾರಂಟಿ ಶಿವಲೀಲಾಗೆ ಯಾರೂ ಕೊಟ್ಟಿರಲಿಲ್ಲ.)

ಹೋದ ಶನಿವಾರ ಲ್ಯಾಬಿನಲ್ಲಿ ಅವಳ ಕೊನೆಯ ದಿನ. ಮಾಲೀಕರು ಒಳ್ಳೆಯ ಮನುಷ್ಯ. ಎಲ್ಲರಿಗೂ ಪೇಡೆ ಹಂಚಿದರು, ಅವಳಿಗೆ ಶಾಲು ಹೊದಿಸಿದರು. ಒಂಬತ್ತು ವರ್ಷದಲ್ಲಿ ಇಂಥ ಕೆಲಸಗಾರ್ತಿಯನ್ನು ಕಂಡಿಲ್ಲ ಅಂತ ಹೇಳಿದರು. ನಾನೂ ಚಪ್ಪಾಳೆ ತಟ್ಟಿದೆ.

ಹೊರಡುವಾಗ ಬಾಗಿಲ ಗಾಜಿನ ಮೇಲೆ ಹೊಸದಾಗಿ ಅಂಟಿಸಿದ ಹಾಳೆ ಕಂಡಿತು. ರಿಸೆಪ್ಷನಿಸ್ಟ್ ಬೇಕಾಗಿದ್ದಾರೆ. ಯಾವುದಾದರೂ ಡಿಗ್ರಿ ಕಡ್ಡಾಯ.

"ಇದನ್ನ ಯಾರು ಟೈಪ್ ಮಾಡಿದ್ದು?" ಅಂದೆ.

"ನಾನ ಸರ. ಇದು ನನ್ನ ಕೊನೀ ಕೆಲ್ಸ."

"ನಿಮ್ಮ ಸಾಹೇಬ್ರಿಗೆ ಹೇಳಬೇಕಿಲ್ಲೇನು, ಇದು ತಪ್ಪು ಅಂತ?"

"ಹೇಳಿದ್ನಿ ಸರ," ಅಂದಳು ಶಿವಲೀಲಾ, ಶಾಲು ಮಡಚಿ ಬ್ಯಾಗಿಗೆ ಹಾಕುತ್ತಾ. "'ನಿನ್ನಂಥಾಕಿ ಮತ್ತೊಬ್ಬಾಕಿ ಸಿಗಬೇಕಲ್ಲವಾ, ಅದಕ್ಕ ಡಿಗ್ರಿ ಇರ್ಲಿ' ಅಂದ್ರು."